ಮುಂದಿನ ಚಕ್ರದ ಟಕ್ ಟಕ್: ಬಾಲ್ ಜಾಯಿಂಟನ್ನು ಮನೆಯಲ್ಲೇ ಬದಲಿಸುವುದು

ಗುಂಡಿಗೆ ಚಕ್ರ ಇಳಿದರೆ ಎಡಗಡೆ ಒಂದು ‘ಟಕ್’. ಹಂಪ್ ದಾಟಿ ಇಳಿಯುವಾಗ ಇನ್ನೊಂದು. ಹಾಡು ಹಾಕಿಕೊಂಡರೆ ಕಿವಿಗೆ ಕೇಳುವುದಿಲ್ಲ, ಆದರೆ ಪೆಡಲಿನ ಹತ್ತಿರ ಇರುವ ಪಾದಕ್ಕೆ ಗೊತ್ತಾಗುತ್ತದೆ. ಒಂದು ಮಳೆಗಾಲ ಪೂರ್ತಿ ನಾನು ಈ ಸದ್ದಿನ ಜೊತೆಗೇ ಓಡಾಡಿದೆ. ತೀರ್ಥಹಳ್ಳಿಯಿಂದ ಉಡುಪಿಗೆ ಹೋಗುವಾಗ ಆಗುಂಬೆ ಘಾಟಿಯ 14 ತಿರುವುಗಳನ್ನೂ ಅದೇ ಗಾಡಿಯಲ್ಲಿ ಇಳಿದೆ. ಒಂದು ಗ್ಯಾರೇಜಿನಲ್ಲಿ ತೋರಿಸಿದಾಗ, ‘ರಸ್ತೆ ಸರಿ ಇಲ್ಲ, ಗಾಡಿ ಸರಿ ಇದೆ’ ಅಂದರು. ನಾನೂ ನಂಬಿದೆ. ಮಳೆ ನಿಂತ ಮೇಲೆ ಚಕ್ರ ಬಿಚ್ಚಿ ನೋಡಿದರೆ ಬಾಲ್ ಜಾಯಿಂಟಿನ ರಬ್ಬರ್ ಟೋಪಿ ಹರಿದು ಹೋಗಿತ್ತು. ಒಳಗೆ ಗ್ರೀಸ್ ಇರಬೇಕಾದ ಕಡೆ ಕೆಂಪು ಕೆಸರು.

ಆ ಜಾಯಿಂಟ್ ಪೂರ್ತಿ ಕಳಚಿಕೊಂಡರೆ ಚಕ್ರ ಒಂದು ಕಡೆಗೆ ಮಡಚಿಕೊಳ್ಳುತ್ತದೆ. ಗಾಡಿಯ ಮೂಗು ನೆಲಕ್ಕೆ ಬೀಳುತ್ತದೆ. ಸ್ಟಿಯರಿಂಗ್ ತಿರುಗಿಸಿದರೂ ಪ್ರಯೋಜನ ಇಲ್ಲ. ಘಾಟಿಯಲ್ಲಿ ಹೀಗಾದರೆ ಏನು ಅನ್ನುವುದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಅದಕ್ಕೇ ಈ ಲೇಖನದಲ್ಲಿ ಬದಲಿಸುವ ಕೆಲಸದಷ್ಟೇ ಪರೀಕ್ಷೆಯ ಬಗ್ಗೆಯೂ ಬರೆದಿದ್ದೇನೆ.

ನಮ್ಮ ಭುಜದ ಕೀಲನ್ನು ನೆನಪಿಸಿಕೊಳ್ಳಿ. ಒಂದು ಗುಂಡು, ಅದು ಕೂರುವ ಒಂದು ಬಟ್ಟಲು. ಬಾಲ್ ಜಾಯಿಂಟ್ ಕೂಡ ಅಷ್ಟೇ. ಬಟ್ಟಲು, ಗಾಡಿಯ ಅಡಿಯಿಂದ ಚಕ್ರಕ್ಕೆ ಚಾಚಿರುವ ಲೋವರ್ ಆರ್ಮ್‌ನ ಹೊರತುದಿಯಲ್ಲಿರುತ್ತದೆ. ಗುಂಡಿನಿಂದ ಹೊರಟ ಸ್ಟಡ್ ಅನ್ನುವ ಗಿಡ್ಡ ಸರಳು ಚಕ್ರ ಹಿಡಿದಿರುವ ನಕಲ್‌ನೊಳಗೆ ಹೋಗುತ್ತದೆ. ಚಕ್ರ ಮೇಲೆ ಕೆಳಗೆ ಹೋಗುವುದಕ್ಕೂ, ಎಡಕ್ಕೆ ಬಲಕ್ಕೆ ತಿರುಗುವುದಕ್ಕೂ ಈ ಒಂದು ಕೀಲು ಸಾಕು. ಮಧ್ಯೆ ಗ್ರೀಸ್, ಮೇಲೆ ರಬ್ಬರ್ ಟೋಪಿ. ಟೋಪಿ ಹರಿದ ದಿನದಿಂದ ನೀರು ಮತ್ತು ಮರಳು ಒಳಗೆ ಹೋಗುತ್ತವೆ, ಗ್ರೀಸ್ ತೊಳೆದು ಹೋಗುತ್ತದೆ. ಆಮೇಲೆ ಗುಂಡು ಸವೆಯುವುದಕ್ಕೆ ಜಾಸ್ತಿ ದಿನ ಬೇಕಿಲ್ಲ.

ಇಲ್ಲಿ ಹೇಳುವುದೆಲ್ಲ ಸ್ವಿಫ್ಟ್, ಆಲ್ಟೊ, ವ್ಯಾಗನ್ ಆರ್, ಐ10 ಥರದ ಸಣ್ಣ ಕಾರುಗಳಿಗೆ. ಇವುಗಳಲ್ಲಿ ಮುಂದಿನ ಸ್ಪ್ರಿಂಗ್ ಶಾಕ್ ಅಬ್ಸಾರ್ಬರಿನ ಸುತ್ತಲೇ ಕೂತಿರುತ್ತದೆ. ಗಾಡಿಯ ಭಾರ ಸ್ಪ್ರಿಂಗಿನ ಮೂಲಕ ನೇರವಾಗಿ ನಕಲ್‌ಗೆ ಇಳಿಯುತ್ತದೆ, ಬಾಲ್ ಜಾಯಿಂಟಿನ ಮೇಲೆ ಕೂರುವುದಿಲ್ಲ. ಹಾಗಾಗಿ ಸ್ಪ್ರಿಂಗ್ ಮುಟ್ಟದೆ ಜಾಯಿಂಟ್ ಬಿಚ್ಚಬಹುದು. ಸ್ಪ್ರಿಂಗ್ ಲೋವರ್ ಆರ್ಮ್‌ನ ಮೇಲೆಯೇ ಕೂತಿರುವ ದೊಡ್ಡ ಗಾಡಿಗಳು ಬೇರೆ. ಅಲ್ಲಿ ಜಾಯಿಂಟ್ ಬಿಚ್ಚಿದ ಕ್ಷಣ ಒತ್ತಿಕೊಂಡಿದ್ದ ಸ್ಪ್ರಿಂಗ್ ಸಿಡಿಯುತ್ತದೆ. ಜೀವಕ್ಕೇ ಅಪಾಯ. ಅಂಥ ಗಾಡಿಗಳನ್ನು ದಯವಿಟ್ಟು ಮನೆಯಲ್ಲಿ ಬಿಚ್ಚಬೇಡಿ.

ಸದ್ದು ನಿಜವಾಗಿ ಎಲ್ಲಿಂದ?

ಮುಂದಿನಿಂದ ಬರುವ ಎಲ್ಲ ಸದ್ದೂ ಬಾಲ್ ಜಾಯಿಂಟಿನದಲ್ಲ. ಸಣ್ಣ ಸಣ್ಣ ಏರಿಳಿತದಲ್ಲಿ ಕಟಕಟ ಅಂದರೆ ಬಹಳ ಸಲ ಅದು ಎಡ ಬಲ ಚಕ್ರಗಳ ಕಡೆಯನ್ನು ಜೋಡಿಸುವ ಸ್ಟೆಬಿಲೈಜರ್ ಬಾರ್‌ನ ಲಿಂಕ್ ರಾಡ್. ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ‘ಟಂಯ್’ ಅಂದರೆ ಮೇಲಿನ ಮೌಂಟಿಂಗಿನ ಬೇರಿಂಗ್ ಇರಬಹುದು. ಬಾಲ್ ಜಾಯಿಂಟಿನ ಸದ್ದು ಸ್ವಲ್ಪ ದಪ್ಪ. ನಿಧಾನವಾಗಿ ಗುಂಡಿಗೆ ಇಳಿದಾಗ, ರಿವರ್ಸ್ ಬಂದು ಬ್ರೇಕ್ ಒತ್ತಿದಾಗ ಒಂದೇ ಪೆಟ್ಟಿನ ಹಾಗೆ ಕೇಳುತ್ತದೆ. ಟೈರು ಒಂದು ಅಂಚಿನಲ್ಲಿ ಮಾತ್ರ ಸವೆದಿರಬಹುದು, ಗಾಡಿ ನೇರ ರಸ್ತೆಯಲ್ಲೂ ಆಚೀಚೆ ಎಳೆಯಬಹುದು. ಆದರೆ ಕಿವಿಯನ್ನು ಮಾತ್ರ ನಂಬಿ ಸಾಮಾನು ತರಬೇಡಿ. ಕೈಯಲ್ಲಿ ಮುಟ್ಟಿ ನೋಡಿ.

ಗಾಡಿಯನ್ನು ಸಮತಟ್ಟಾದ, ಗಟ್ಟಿ ನೆಲದಲ್ಲಿ ನಿಲ್ಲಿಸಿ. ಮಲೆನಾಡಿನ ಮನೆಗಳಲ್ಲಿ ಅಡಿಕೆ ಒಣಗಿಸುವ ಕಾಂಕ್ರೀಟ್ ಅಂಗಳ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ. ಮಣ್ಣಿನ ಅಂಗಳವಾದರೆ ಜ್ಯಾಕ್ ಮತ್ತು ಸ್ಟ್ಯಾಂಡ್ ಎರಡರ ಕೆಳಗೂ ದಪ್ಪ ಹಲಗೆ ಬೇಕು. ಹ್ಯಾಂಡ್‌ಬ್ರೇಕ್ ಹಾಕಿ, ಗೇರಿನಲ್ಲಿ ಬಿಟ್ಟು, ಹಿಂದಿನ ಎರಡೂ ಚಕ್ರಗಳಿಗೆ ಮುಂದೆ ಹಿಂದೆ ಕಲ್ಲು ಕೊಡಿ. ಬಾಡಿಯ ಜ್ಯಾಕ್ ಪಾಯಿಂಟಿನಲ್ಲೇ ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ. ಚಕ್ರ ಗಾಳಿಯಲ್ಲಿ ನೇತಾಡಬೇಕು.

ಈಗ ಟೈರನ್ನು ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲ್ಲಾಡಿಸಿ. ಆಟ ಇದೆ ಅನ್ನಿಸಿದರೆ ಮನೆಯವರನ್ನು ಯಾರನ್ನಾದರೂ ಕರೆದು ಬ್ರೇಕ್ ಒತ್ತಿ ಹಿಡಿಯಲು ಹೇಳಿ, ಮತ್ತೆ ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ಆಟ ಹೋಯಿತು ಅಂದರೆ ತೊಂದರೆ ವೀಲ್ ಬೇರಿಂಗಿನದು. ಬ್ರೇಕ್ ಒತ್ತಿದರೂ ಆಟ ಹಾಗೇ ಇದ್ದರೆ ಬಾಲ್ ಜಾಯಿಂಟಿನ ಮೇಲೆ ಅನುಮಾನ ಪಡಿ. ಟೈರನ್ನು ಎಡ ಬಲ ಹಿಡಿದು ಅಲ್ಲಾಡಿಸಿದಾಗ ಮಾತ್ರ ಆಟ ಕಂಡರೆ ಅದು ಸ್ಟಿಯರಿಂಗಿನ ಕೀಲು, ಅಂದರೆ ಟೈ ರಾಡ್ ಎಂಡ್ ಅಥವಾ ರ‍್ಯಾಕ್ ಎಂಡ್.

ಕೊನೆಯ ಪರೀಕ್ಷೆಗೆ ಉದ್ದನೆಯ ಟಾಮಿ, ಅಂದರೆ ಮೀಟುವ ಕಬ್ಬಿಣದ ಸರಳು ಬೇಕು. ಅದನ್ನು ಲೋವರ್ ಆರ್ಮ್ ಮತ್ತು ನಕಲ್‌ನ ಮಧ್ಯೆ ಇಟ್ಟು ಮೆಲ್ಲಗೆ ಮೀಟಿ. ಕಣ್ಣು ಜಾಯಿಂಟಿನ ಮೇಲಿರಲಿ. ಒಳ್ಳೆಯ ಜಾಯಿಂಟಿನಲ್ಲಿ ಸ್ಟಡ್ ಬಟ್ಟಲಿನಿಂದ ಮೇಲೆ ಕೆಳಗೆ ಜಾರುವುದೇ ಇಲ್ಲ. ಸವೆದಿದ್ದರೆ ‘ಟಕ್’ ಅಂತ ಅದೇ ಸದ್ದು ಬರುತ್ತದೆ. ಕಣ್ಣಿಗೇ ಕಾಣುವಷ್ಟು ಆಟ ಇದ್ದರೆ ಆ ಗಾಡಿಯನ್ನು ಓಡಿಸಿಕೊಂಡು ಸಾಮಾನು ತರಲು ಹೋಗಬೇಡಿ. ಬೈಕಿನಲ್ಲೋ ಬಸ್ಸಿನಲ್ಲೋ ಹೋಗಿ.

ಏನು ತರಬೇಕು

ಮೊದಲ ಪ್ರಶ್ನೆ, ಬರೀ ಜಾಯಿಂಟ್ ತರುವುದಾ, ಪೂರ್ತಿ ಲೋವರ್ ಆರ್ಮ್ ತರುವುದಾ? ಕೆಲವು ಗಾಡಿಗಳಲ್ಲಿ ಜಾಯಿಂಟ್ ಎರಡು ಮೂರು ಬೋಲ್ಟಿನಲ್ಲಿ ಆರ್ಮ್‌ಗೆ ಕೂತಿರುತ್ತದೆ. ಅಂಥದ್ದನ್ನು ಬದಲಿಸುವುದು ಸುಲಭ. ಕೆಲವುದರಲ್ಲಿ ಪ್ರೆಸ್ ಮಾಡಿ ಕೂರಿಸಿ ಸರ್ಕ್ಲಿಪ್ ಹಾಕಿರುತ್ತಾರೆ. ಇನ್ನು ಕೆಲವುದರಲ್ಲಿ ಕಂಪನಿಯವರು ಆರ್ಮ್ ಜೊತೆಗೇ ಕೊಡುತ್ತಾರೆ. ಪ್ರೆಸ್ ಫಿಟ್ ಜಾಯಿಂಟನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸುವವರನ್ನು ನೋಡಿದ್ದೇನೆ. ಆರ್ಮ್‌ನ ತೂತು ಒಂದು ಚೂರು ಅಂಡಾಕಾರ ಆದರೂ ಜಾಯಿಂಟ್ ಮತ್ತೆ ಸಡಿಲ. ನನ್ನ ಮಾತು ಕೇಳಿದರೆ, ಮನೆಯಲ್ಲಿ ಮಾಡುವವರು ಬುಷ್ (ಆರ್ಮ್ ಒಳತುದಿಯ ರಬ್ಬರ್ ಕೀಲು) ಸಮೇತ ಪೂರ್ತಿ ಆರ್ಮ್ ತನ್ನಿ. ದುಡ್ಡು ಸ್ವಲ್ಪ ಜಾಸ್ತಿ, ಆದರೆ ಹಳೆ ಬುಷ್ ಕೂಡ ಹೊಸದಾಗುತ್ತದೆ. ಬರೀ ಜಾಯಿಂಟೇ ಹಾಕುತ್ತೇನೆ ಅನ್ನುವವರು ಆರ್ಮ್ ಬಿಚ್ಚಿಕೊಂಡು ಹೈಡ್ರಾಲಿಕ್ ಪ್ರೆಸ್ ಇರುವ ಲೇತ್ ಅಂಗಡಿಗೆ ಹೋಗಿ ಹಾಕಿಸಿಕೊಂಡು ಬನ್ನಿ.

ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದೆ. ಉಳಿದ ಊರುಗಳಲ್ಲಿ ಕಂಪನಿಯ ಬಿಡಿಭಾಗದ ಅಂಗಡಿ ಇರುತ್ತದೆ. ಗಾಡಿಯ ಮಾಡೆಲ್, ವರ್ಷ, ಸಾಧ್ಯವಾದರೆ ಚಾಸಿ ನಂಬರ್ ಹೇಳಿ ಕೇಳಿ. ಎಡ ಬಲ ಬೇರೆ ಬೇರೆ, ಮರೆಯಬೇಡಿ. ಕೈಗೆ ಬಂದ ಮೇಲೆ ಅಂಗಡಿಯಲ್ಲೇ ಸ್ಟಡ್ ಅಲ್ಲಾಡಿಸಿ ನೋಡಿ. ಹೊಸ ಜಾಯಿಂಟ್ ಬಿಗಿಯಾಗಿ, ಎಲ್ಲೂ ಸಿಕ್ಕಿಕೊಳ್ಳದೆ ಒಂದೇ ಸಮ ತಿರುಗಬೇಕು. ಸಡಿಲವಾಗಿ ಬಾಗಿ ಬಿದ್ದರೆ ವಾಪಸ್ ಕೊಡಿ. ಜೊತೆಗೆ ಹೊಸ ಬೋಲ್ಟು, ನಟ್ಟು ತನ್ನಿ. ನೈಲಾನ್ ರಿಂಗ್ ಇರುವ ಲಾಕ್ ನಟ್ಟು ಒಂದೇ ಸಲಕ್ಕೆ. ನಟ್ಟು ಸಡಿಲವಾಗದಂತೆ ತಡೆಯುವ ಸ್ಪ್ಲಿಟ್ ಪಿನ್ ಇದ್ದರೆ ಅದೂ ಹೊಸದೇ ಬೇಕು.

ಸಾಮಾನಿನಲ್ಲಿ ಒಂದು ಹೈಡ್ರಾಲಿಕ್ ಜ್ಯಾಕ್, ಎರಡು ಜ್ಯಾಕ್ ಸ್ಟ್ಯಾಂಡ್, 14, 17, 19ರ ಸಾಕೆಟ್‌ಗಳು, ಉದ್ದ ಹಿಡಿಯ ಪಾನಾ, ಟಾರ್ಕ್ ರೆಂಚ್, ಒಂದು ಕೆಜಿ ಸುತ್ತಿಗೆ, ಟಾಮಿ, ವೈರ್ ಬ್ರಷ್, ತುಕ್ಕು ಬಿಡಿಸುವ ಸ್ಪ್ರೇ, ಕಟ್ಟುವ ತಂತಿ, ಅಳತೆ ಟೇಪು. ಕಣ್ಣಿಗೆ ಕನ್ನಡಕ ಇರಲಿ, ತುಕ್ಕಿನ ಚೂರು ಸೀದಾ ಕಣ್ಣಿಗೇ ಹಾರುತ್ತದೆ. ಇದರಲ್ಲಿ ಯಾವುದು ಇಲ್ಲದಿದ್ದರೂ ಹೇಗೋ ನಡೆಯುತ್ತದೆ, ಜ್ಯಾಕ್ ಸ್ಟ್ಯಾಂಡ್ ಇಲ್ಲದೆ ಮಾತ್ರ ನಡೆಯುವುದಿಲ್ಲ. ಇಟ್ಟಿಗೆ, ಹಾಲೋ ಬ್ಲಾಕ್, ಜಂಬಿಟ್ಟಿಗೆ ಕಲ್ಲು ಇವೆಲ್ಲ ಹೇಳದೆ ಕೇಳದೆ ಒಡೆಯುತ್ತವೆ. ಬರೀ ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕುವುದೂ ಬೇಡ.

ಹಿಂದಿನ ರಾತ್ರಿಯೇ ಎಲ್ಲ ಬೋಲ್ಟುಗಳಿಗೂ ಸ್ಪ್ರೇ ಹೊಡೆದಿಡಿ. ಬೆಳಿಗ್ಗೆ ಮತ್ತೊಂದು ಸಲ. ಕರಾವಳಿಯ ಉಪ್ಪುಗಾಳಿಯಲ್ಲಿ ಓಡಿದ ಗಾಡಿಯಾದರೆ ಎರಡು ದಿನ ಮೊದಲೇ ಶುರು ಮಾಡಿ.

ಬಿಚ್ಚುವುದು

ಎತ್ತುವ ಮೊದಲು ಒಂದು ಅಳತೆ ತೆಗೆದುಕೊಳ್ಳಿ. ಗಾಡಿ ನೆಲದ ಮೇಲೆ ನಿಂತಿರುವಾಗ ಚಕ್ರದ ನಟ್ಟನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿಗೆ ಎಷ್ಟು ದೂರ ಅಂತ ಟೇಪು ಹಿಡಿದು ಬರೆದಿಡಿ. ಕೊನೆಯಲ್ಲಿ ಇದು ಬೇಕು.

ವೀಲ್ ನಟ್ಟುಗಳನ್ನು ಚಕ್ರ ನೆಲದಲ್ಲಿರುವಾಗಲೇ ಕಾಲು ಸುತ್ತು ಸಡಿಲಿಸಿ. ಆಮೇಲೆ ಮುಂದಿನ ಎರಡೂ ಕಡೆ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಒಂದೇ ಕಡೆ ಎತ್ತಿದರೆ ಸ್ಟೆಬಿಲೈಜರ್ ಬಾರ್ ತಿರುಚಿಕೊಂಡು ಕೆಲಸಕ್ಕೆ ಅಡ್ಡ ಬರುತ್ತದೆ. ಎರಡೂ ಕಡೆ ಎತ್ತಿದರೆ ಬಾರ್ ಸಡಿಲ, ಕೈಗೂ ಆರಾಮ. ಬಿಚ್ಚಿದ ಚಕ್ರವನ್ನು ಬಾಗಿಲ ಕೆಳಗೆ ಬಾಡಿಯ ಅಡಿಗೆ ಅಡ್ಡ ಮಲಗಿಸಿ. ಸ್ಟ್ಯಾಂಡ್ ಜಾರಿದರೂ ಗಾಡಿ ಚಕ್ರದ ಮೇಲೆ ನಿಲ್ಲುತ್ತದೆ.

ನಕಲ್‌ನ ಕೆಳತುದಿಯನ್ನು ವೈರ್ ಬ್ರಷ್‌ನಲ್ಲಿ ಚೆನ್ನಾಗಿ ಉಜ್ಜಿ. ಈಗ ಸ್ಟಡ್ ಹೇಗೆ ಕೂತಿದೆ ಅಂತ ಕಾಣುತ್ತದೆ. ನಮ್ಮ ಎಷ್ಟೋ ಸಣ್ಣ ಕಾರುಗಳಲ್ಲಿ ಸ್ಟಡ್ ನೇರವಾಗಿರುತ್ತದೆ. ಸೀಳಿರುವ ತೂತಿನೊಳಗೆ ಹೋಗಿ, ಒಂದು ಅಡ್ಡ ಬೋಲ್ಟಿನಿಂದ ಬಿಗಿಯಾಗಿರುತ್ತದೆ. ಇದಕ್ಕೆ ಪಿಂಚ್ ಬೋಲ್ಟ್ ಅನ್ನುತ್ತಾರೆ. ಇಲ್ಲಿ ಬಹಳ ಜನ ತಪ್ಪುತ್ತಾರೆ. ಬೋಲ್ಟನ್ನು ಸಡಿಲಿಸಿ ಸ್ಟಡ್ ಎಳೆದರೆ ಬರುವುದಿಲ್ಲ. ಸ್ಟಡ್‌ನಲ್ಲಿ ಒಂದು ಕಚ್ಚು ಕೊರೆದಿರುತ್ತಾರೆ, ಬೋಲ್ಟು ಆ ಕಚ್ಚಿನೊಳಗೇ ಹಾದು ಹೋಗುತ್ತದೆ. ಬೋಲ್ಟು ಪೂರ್ತಿ ಹೊರಗೆ ಬರಬೇಕು. ನಟ್ಟು ತೆಗೆದು, ಬೋಲ್ಟನ್ನು ಪಾನಾದಲ್ಲಿ ಆಚೀಚೆ ತಿರುಗಿಸುತ್ತಾ ಹೊರಗೆಳೆಯಿರಿ. ಬರದಿದ್ದರೆ ಪಂಚ್ ಇಟ್ಟು ತಟ್ಟಿ. ಆಮೇಲೆ ಸೀಳಿಗೆ ಚಪ್ಪಟೆ ಉಳಿ ಇಟ್ಟು ಒಂದೇ ಒಂದು ಚೂರು ಅಗಲಿಸಿ. ಜಾಸ್ತಿ ಬಡಿದರೆ ನಕಲ್ ಬಿರುಕು ಬಿಡುತ್ತದೆ, ಆಗ ಖರ್ಚು ಎಲ್ಲಿಗೋ ಹೋಗುತ್ತದೆ. ಇಷ್ಟಾದ ಮೇಲೆ ಲೋವರ್ ಆರ್ಮ್‌ನ ಮೇಲೆ ಉದ್ದ ಟಾಮಿ ಇಟ್ಟು ಕೆಳಗೆ ಒತ್ತಿದರೆ ಸ್ಟಡ್ ಜಾರಿ ಬರುತ್ತದೆ.

ಇನ್ನೊಂದು ಥರದ್ದು ಟೇಪರ್ ಸ್ಟಡ್, ಅಂದರೆ ತುದಿಯ ಕಡೆಗೆ ಸಣ್ಣಗಾಗುತ್ತಾ ಹೋಗುವ ಸ್ಟಡ್. ಕೋಟೆಯ ತೆನೆಯ ಹಾಗೆ ಕಚ್ಚು ಇರುವ ನಟ್ಟು, ಅದಕ್ಕೆ ಸ್ಪ್ಲಿಟ್ ಪಿನ್. ಪಿನ್ ತೆಗೆದು ನಟ್ಟನ್ನು ತುದಿಯವರೆಗೆ ತಂದು, ಎರಡು ಮೂರು ಮರೆ (ಥ್ರೆಡ್) ಉಳಿಸಿ ಬಿಡಿ. ಸ್ಟಡ್‌ನ ತುದಿಗೆ ಬಡಿಯಬೇಡಿ. ಸ್ಟಡ್ ಕೂತಿರುವ ನಕಲ್‌ನ ಪಕ್ಕಕ್ಕೆ ಗಟ್ಟಿಯಾಗಿ ಒಂದೆರಡು ಪೆಟ್ಟು ಕೊಟ್ಟರೆ ಟೇಪರ್ ಹಿಡಿತ ಬಿಡುತ್ತದೆ. ಬಾಲ್ ಜಾಯಿಂಟ್ ಪುಲ್ಲರ್ ಸಿಕ್ಕಿದರೆ ಇನ್ನೂ ಒಳ್ಳೆಯದು.

ಸ್ಟಡ್ ಬಿಟ್ಟ ತಕ್ಷಣ ನಕಲ್ ಹೊರಗೆ ತೂಗುತ್ತದೆ. ಅದನ್ನು ಎಳೆಯಬೇಡಿ. ಎಳೆದರೆ ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಬರುವ ಡ್ರೈವ್ ಶಾಫ್ಟಿನ ಒಳಗಿನ ಜಾಯಿಂಟ್ ಕಳಚಿಕೊಳ್ಳಬಹುದು, ಶಾಫ್ಟೇ ಗೇರ್‌ಬಾಕ್ಸಿನಿಂದ ಹೊರಬಂದರೆ ಎಣ್ಣೆಯೂ ಸುರಿಯುತ್ತದೆ. ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರಿನ ಮೇಲೂ ಎಳೆತ ಬೀಳುತ್ತದೆ. ನಕಲ್‌ಗೆ ತಂತಿ ಕಟ್ಟಿ ಒಳಗಡೆಗೆ ಹಿಡಿದು ನಿಲ್ಲಿಸಿ. ಎರಡು ನಿಮಿಷದ ಕೆಲಸ, ಅರ್ಧ ದಿನದ ತಲೆನೋವು ತಪ್ಪುತ್ತದೆ.

ಆರ್ಮ್ ಪೂರ್ತಿ ತೆಗೆಯುವುದಾದರೆ ಒಳಗಡೆ ಬುಷ್‌ಗಳ ಬೋಲ್ಟು ಬಿಚ್ಚಿ. ಯಾವ ಬೋಲ್ಟು ಯಾವ ಕಡೆಯಿಂದ ಹೋಗಿತ್ತು ಅಂತ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಹಳೆ ಮಾರುತಿ 800ರಲ್ಲಿ ಸ್ಟೆಬಿಲೈಜರ್ ಬಾರ್‌ನ ತುದಿಯೇ ಆರ್ಮ್ ಒಳಗೆ ತೂರಿ ನಟ್ಟು ಹಾಕಿಕೊಂಡಿರುತ್ತದೆ. ಅದನ್ನೂ ಬಿಚ್ಚಬೇಕು, ವಾಷರ್‌ಗಳ ಮುಖ ಯಾವ ಕಡೆಗಿತ್ತು ಅಂತ ನೋಡಿಕೊಳ್ಳಬೇಕು.

ಹೊಸದನ್ನು ಕೂರಿಸುವುದು

ಹಳೆಯದು ಮತ್ತು ಹೊಸದನ್ನು ಪಕ್ಕ ಪಕ್ಕ ಇಟ್ಟು ನೋಡಿ. ಸ್ಟಡ್‌ನ ದಪ್ಪ, ಉದ್ದ, ಕಚ್ಚಿನ ಜಾಗ, ಬುಷ್‌ನ ಅಗಲ ಎಲ್ಲ ಒಂದೇ ಇರಬೇಕು. ನಕಲ್‌ನ ತೂತನ್ನು ಎಮರಿ ಪೇಪರಿನಿಂದ ಉಜ್ಜಿ ಬಟ್ಟೆಯಲ್ಲಿ ಒರೆಸಿ. ಟೇಪರ್ ಸ್ಟಡ್ ಆದರೆ ತೂತು ಒಣಗಿರಬೇಕು, ಗ್ರೀಸ್ ಎಣ್ಣೆ ಏನೂ ಬೇಡ.

ಮೊದಲು ಒಳಗಿನ ಬುಷ್ ಬೋಲ್ಟುಗಳನ್ನು ಕೈಯಲ್ಲಿ ತಿರುಗಿಸಿ ಹಾಕಿ. ಬಿಗಿ ಮಾಡಬೇಡಿ. ಆಮೇಲೆ ಆರ್ಮ್ ಕೆಳಗೊತ್ತಿ ಸ್ಟಡ್‌ನ್ನು ತೂತಿಗೆ ತೂರಿಸಿ, ಪೂರ್ತಿ ಮೇಲೆ ಹೋಗುವವರೆಗೆ ತಳ್ಳಿ. ಪಿಂಚ್ ಬೋಲ್ಟು ಕೈಯಲ್ಲೇ ಸಲೀಸಾಗಿ ಆಚೆ ಬರಬೇಕು. ಬರದಿದ್ದರೆ ಸ್ಟಡ್ ಇನ್ನೂ ಪೂರ್ತಿ ಕೂತಿಲ್ಲ ಅಂತ ಅರ್ಥ. ಬೋಲ್ಟನ್ನು ಸುತ್ತಿಗೆಯಲ್ಲಿ ಬಡಿದು ಕಳಿಸಬೇಡಿ, ಅದರ ಮರೆ ಹೋಗುತ್ತದೆ. ಬೋಲ್ಟು ಕಚ್ಚಿನೊಳಗೆ ಕೂರದೆ ಹೊರಗೆ ಹಾದು ಹೋದರೆ ಸ್ಟಡ್ ಒಂದು ದಿನ ಜಾರಿಯೇ ಜಾರುತ್ತದೆ. ಬಿಗಿ ಮಾಡಿದ ಮೇಲೆ ಆರ್ಮ್‌ನ್ನು ಟಾಮಿಯಲ್ಲಿ ಕೆಳಗೊತ್ತಿ ನೋಡಿ, ಸ್ಟಡ್ ಅಲ್ಲಾಡಬಾರದು. ಟೇಪರ್ ಥರದ್ದಾದರೆ ನಟ್ಟನ್ನು ಟಾರ್ಕ್‌ಗೆ ಬಿಗಿ ಮಾಡಿ. ಪಿನ್‌ನ ತೂತು ಸೇರದಿದ್ದರೆ ಮುಂದಕ್ಕೆ ಬಿಗಿ ಮಾಡಿ ಸೇರಿಸಿ, ಹಿಂದಕ್ಕೆ ಸಡಿಲಿಸಿ ಅಲ್ಲ. ಎಷ್ಟು ಟಾರ್ಕ್ ಅನ್ನುವುದು ನಿಮ್ಮ ಗಾಡಿಯ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಬೇರೆ ಗಾಡಿಯ ಲೆಕ್ಕ ಇಲ್ಲಿಗೆ ತರಬೇಡಿ.

ಈಗ ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಮಾತು. ಒಳಗಿನ ಬುಷ್ ಬೋಲ್ಟುಗಳನ್ನು ಚಕ್ರ ನೇತಾಡುತ್ತಿರುವಾಗ ಬಿಗಿ ಮಾಡಲೇಬೇಡಿ. ಬುಷ್‌ನ ರಬ್ಬರು ಒಳಗಿನ ಕೊಳವೆಗೆ ಅಂಟಿಕೊಂಡಿರುತ್ತದೆ. ಬೋಲ್ಟು ಬಿಗಿಯಾದಾಗ ಆ ಕೊಳವೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಆರ್ಮ್ ಕೆಳಗೆ ಜೋತುಬಿದ್ದಾಗ ಬಿಗಿ ಮಾಡಿದರೆ, ಗಾಡಿ ನೆಲಕ್ಕಿಳಿದ ಕ್ಷಣ ಆರ್ಮ್ ಮೇಲೇರಿ ರಬ್ಬರು ತಿರುಚಿಕೊಳ್ಳುತ್ತದೆ. ನಿಂತಾಗಲೂ ಓಡುವಾಗಲೂ ತಿರುಚಿಕೊಂಡೇ ಇರುತ್ತದೆ, ಬಹಳ ಬೇಗ ಹರಿಯುತ್ತದೆ. ‘ಹೊಸ ಆರ್ಮ್ ಹಾಕಿಸಿದೆ, ಆಗಲೇ ಬುಷ್ ಹೋಯ್ತು’ ಅಂತ ಬೇಸರ ಮಾಡಿಕೊಳ್ಳುವವರು ಒಮ್ಮೆ ಇದನ್ನು ಯೋಚಿಸಿ. ಸಾಮಾನು ಕಳಪೆ ಇರಬಹುದು, ಆದರೆ ಬಿಗಿ ಮಾಡಿದ ರೀತಿಯೂ ತಪ್ಪಿರಬಹುದು.

ಹಾಗಾದರೆ ಹೇಗೆ? ಗಾಡಿ ಸ್ಟ್ಯಾಂಡ್ ಮೇಲೆಯೇ ಇರಲಿ. ಜ್ಯಾಕನ್ನು ಲೋವರ್ ಆರ್ಮ್‌ನ ಹೊರತುದಿಯ ಕೆಳಗೆ, ಜಾಯಿಂಟಿನ ಹತ್ತಿರ, ಮಧ್ಯೆ ಮರದ ತುಂಡು ಕೊಟ್ಟು ಇಡಿ. ರಬ್ಬರ್ ಟೋಪಿಗೆ ತಾಗದ ಹಾಗೆ ನೋಡಿಕೊಳ್ಳಿ. ಮೆಲ್ಲಗೆ ಎತ್ತಿ. ಮೊದಲು ಬರೆದಿಟ್ಟ ಅಳತೆ ನೆನಪಿದೆಯಲ್ವಾ? ಹಬ್‌ನ ನಡುವಿನಿಂದ ಮಡ್‌ಗಾರ್ಡ್ ಅಂಚಿಗೆ ಅದೇ ಅಳತೆ ಬಂದಾಗ ನಿಲ್ಲಿಸಿ. ಅಷ್ಟರಲ್ಲಿ ಬಾಡಿ ಸ್ಟ್ಯಾಂಡ್‌ನಿಂದ ಏಳಲು ಶುರುವಾದರೆ ಅಲ್ಲಿಗೇ ನಿಲ್ಲಿಸಿ, ಅದಕ್ಕಿಂತ ಮೇಲೆ ಎತ್ತಬೇಡಿ. ಈಗ ಆರ್ಮ್ ಹೆಚ್ಚುಕಮ್ಮಿ ಗಾಡಿ ನೆಲದ ಮೇಲೆ ನಿಂತಾಗ ಇರುವ ಜಾಗದಲ್ಲೇ ಇದೆ. ಬುಷ್ ಬೋಲ್ಟುಗಳಿಗೆ ಕೊನೆಯ ಬಿಗಿ ಈಗ ಕೊಡಿ.

ಗಾಡಿ ನೆಲಕ್ಕಿಳಿದ ಮೇಲೆ

ಚಕ್ರ ಹಾಕಿ, ನಟ್ಟುಗಳನ್ನು ಎದುರು ಬದುರು ಬಿಗಿ ಮಾಡಿ. ಕೊನೆಯ ಬಿಗಿ ನೆಲದ ಮೇಲೆ, ಟಾರ್ಕ್ ರೆಂಚಿನಲ್ಲಿ. ಸಣ್ಣ ಕಾರುಗಳಲ್ಲಿ ಇದು ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್ ಒಳಗಿರುತ್ತದೆ, ನಿಮ್ಮ ಗಾಡಿಯದು ಮ್ಯಾನ್ಯುಯಲ್‌ನಲ್ಲಿ ನೋಡಿ. ಹೊರಡುವ ಮೊದಲು ಬ್ರೇಕ್ ಪೆಡಲ್ ಎರಡು ಮೂರು ಸಲ ಒತ್ತಿ ಗಟ್ಟಿ ಇದೆಯಾ ಅಂತ ನೋಡಿ. ಸ್ಟಿಯರಿಂಗ್ ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ, ಹೋಸ್ ಎಲ್ಲೂ ತಾಗಬಾರದು.

ಮೊದಲು ಮನೆಯ ರಸ್ತೆಯಲ್ಲೇ ನಿಧಾನಕ್ಕೆ ಓಡಿಸಿ. ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ. ‘ಸ್ಟಿಯರಿಂಗ್ ನೇರ ಇದೆ, ಸುಮ್ನೆ ಯಾಕೆ’ ಅನ್ನಿಸಬಹುದು. ಆರ್ಮ್ ಬದಲಾದರೆ ಚಕ್ರದ ಕೋನ ಒಂದು ಎಳೆಯಷ್ಟಾದರೂ ಬದಲಾಗಿರುತ್ತದೆ, ಅದು ಟೈರಿನ ಮೇಲೆ ನಿಧಾನವಾಗಿ ಕಾಣುತ್ತದೆ. ಅಲೈನ್‌ಮೆಂಟ್‌ನವರು ಟೈ ರಾಡ್ ಲಾಕ್ ನಟ್ಟು ಬಿಗಿ ಮಾಡಿದರಾ ಅಂತಲೂ ಕೇಳಿಕೊಳ್ಳಿ. ಸುಮಾರು 100 ಕಿಲೋಮೀಟರ್ ಓಡಿದ ಮೇಲೆ ವೀಲ್ ನಟ್ಟುಗಳಿಗೆ ಮತ್ತೆ ರೆಂಚ್ ಹಿಡಿಯಿರಿ, ಪಿಂಚ್ ಬೋಲ್ಟನ್ನೂ ಒಮ್ಮೆ ನೋಡಿ.

ಮೊದಲ ಸಲ ಎಡಗಡೆ ಮುಗಿಸುವಷ್ಟರಲ್ಲಿ ನನಗೆ ಬೆಳಗಿನಿಂದ ಮಧ್ಯಾಹ್ನದ ಊಟದ ಹೊತ್ತಾಯಿತು. ಬಲಗಡೆ ಒಂದೂವರೆ ಗಂಟೆಯಲ್ಲಿ ಮುಗಿಯಿತು. ಎರಡೂ ಕಡೆ ಒಟ್ಟಿಗೇ ಬದಲಿಸಲೇಬೇಕು ಅಂತೇನಿಲ್ಲ. ಆದರೆ ಎರಡೂ ಅಷ್ಟೇ ಕಿಲೋಮೀಟರ್ ಓಡಿರುತ್ತವೆ, ಹಾಗಾಗಿ ಇನ್ನೊಂದನ್ನೂ ಅದೇ ದಿನ ಟಾಮಿ ಹಾಕಿ ನೋಡಿ.

ಬಿಚ್ಚಿದ ಹಳೆ ಜಾಯಿಂಟನ್ನು ಗುಜರಿಗೆ ಹಾಕುವ ಮೊದಲು ಅದರ ಟೋಪಿ ಕತ್ತರಿಸಿ ಒಳಗೆ ನೋಡಿ. ಸ್ಟಡ್ ಹಿಡಿದು ಮೇಲೆ ಕೆಳಗೆ ಆಡಿಸಿ, ಸವೆದ ಕೀಲಿನ ಆಟ ಹೇಗಿರುತ್ತದೆ ಅಂತ ಬೆರಳಿಗೆ ಗೊತ್ತಾಗುತ್ತದೆ. ನನ್ನದನ್ನು ನಾನು ಇನ್ನೂ ಸಾಮಾನಿನ ಡಬ್ಬಿಯಲ್ಲೇ ಇಟ್ಟಿದ್ದೇನೆ. ಪಕ್ಕದ ಮನೆಯವರು ‘ಗಾಡಿ ಟಕ್ ಅಂತಿದೆ, ನೋಡ್ತೀರಾ?’ ಅಂದಾಗ ಮೊದಲು ಇದನ್ನು ಅವರ ಕೈಗೆ ಕೊಡುತ್ತೇನೆ, ಆಮೇಲೆ ಟಾರ್ಚ್ ಹಿಡಿದು ಇಬ್ಬರೂ ಚಕ್ರದ ಹಿಂದೆ ಬಗ್ಗುತ್ತೇವೆ.